ಮೇಳವಿಲ್ಲದ ತಿರುಗಾಟ: ಕನ್ಸರ್ಟ್ ಪಿಯಾನಿಸ್ಟ್ ಬದುಕು ಹೇಗಿರುತ್ತದೆ?

2025ರ ಅಕ್ಟೋಬರ್, ದೀಪಾವಳಿಯ ವಾರ. ನೀರ್ಚಾಲು ಕಡೆಯ ನೆಂಟರ ಮನೆಗೆ ಹೋಗಿದ್ದೆ. ಎಲ್ಲರೂ ಜಗಲಿಯಲ್ಲಿ ಮಾತಾಡುತ್ತಾ ಕೂತಿದ್ದರೆ, ಪ್ಲಸ್ ಟು ಓದುವ ಮೊಮ್ಮಗಳು ಮಾತ್ರ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಂಬಕ್ಕೆ ಒರಗಿದ್ದಳು. ಪೋಲೆಂಡಿನ ವಾರ್ಸಾದಲ್ಲಿ, ಹಳೆಯ ಸಂಗೀತ ರಚನಕಾರ ಶೋಪನ್ ಹೆಸರಿನ ಪಿಯಾನೋ ಸ್ಪರ್ಧೆ ಮುಗಿದಿತ್ತು. ಅಮೆರಿಕದ ಎರಿಕ್ ಲೂ ಮೊದಲ ಬಹುಮಾನ ಗೆದ್ದಿದ್ದ. ಅವನು ನುಡಿಸಿದ್ದನ್ನು ಅವಳು ಮತ್ತೆ ಮತ್ತೆ ಕೇಳುತ್ತಿದ್ದಳು. ಕೊನೆಗೆ ಇಯರ್‌ಫೋನ್ ತೆಗೆದು, "ಅಜ್ಜ, ನಾನು ಕನ್ಸರ್ಟ್ ಪಿಯಾನಿಸ್ಟ್ ಆಗ್ತೇನೆ" ಅಂದಳು.

ಅಜ್ಜ ಪ್ರಾಯದಲ್ಲಿ ಕೆಲವು ವರ್ಷ ಯಕ್ಷಗಾನ ಮೇಳದಲ್ಲಿ ಮದ್ದಲೆ ಬಾರಿಸಿದವರು. ಅವರು ಬೈಯಲಿಲ್ಲ. ಪ್ರಶ್ನೆ ಕೇಳಿದರು. "ಅದಕ್ಕೆ ಮೇಳ ಉಂಟಾ? ಸಂಬಳ ಯಾರು ಕೊಡೂದು? ಮಳೆಗಾಲದಲ್ಲಿ ಎಂತ ಮಾಡೂದು?"

ಮೂರೂ ಸರಿಯಾದ ಪ್ರಶ್ನೆಗಳೇ. ಈಗ ನಮ್ಮ ಕಡೆ ಕೀಬೋರ್ಡ್ ಕಲಿಯುವ ಮಕ್ಕಳು ಎಷ್ಟೋ ಇದ್ದಾರೆ. ಇಂಥ ಮಾತು ಇನ್ನೂ ಕೆಲವು ಮನೆಗಳ ಜಗಲಿಯಲ್ಲಿ ಬಂದೀತು. ಹಾಗಾಗಿ ಅಜ್ಜನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಹಾರ್ಮೋನಿಯಂನ ಅಣ್ಣ ಅಂದುಕೊಳ್ಳಬೇಡಿ

ನೋಡಲು ಕೀಗಳ ಸಾಲು ಒಂದೇ ಥರ. ಕಪ್ಪು, ಬಿಳಿ. ನಮ್ಮ ಭಾಗವತರು ಶ್ರುತಿಗೆ 'ಕಪ್ಪು ಎರಡು', 'ಬಿಳಿ ನಾಲ್ಕು' ಅನ್ನುವುದೂ ಈ ಕೀಗಳ ಲೆಕ್ಕದಲ್ಲೇ. ಆದರೆ ಒಳಗಿನ ಕೆಲಸ ಪೂರ್ತಿ ಬೇರೆ. ಹಾರ್ಮೋನಿಯಂನಲ್ಲಿ ತಿದಿಯ ಗಾಳಿ ಹಿತ್ತಾಳೆಯ ರೀಡನ್ನು ನಡುಗಿಸುತ್ತದೆ. ಪಿಯಾನೋದಲ್ಲಿ ಗಾಳಿ ಇಲ್ಲ. ಕೀ ಒತ್ತಿದರೆ ಏತದ ಹಾಗೆ ಇನ್ನೊಂದು ತುದಿ ಮೇಲೇಳುತ್ತದೆ. ಅದು ಉಣ್ಣೆಯ ಫೆಲ್ಟ್ ಸುತ್ತಿದ ಒಂದು ಪುಟ್ಟ ಮರದ ಸುತ್ತಿಗೆಯನ್ನು ಎಸೆಯುತ್ತದೆ. ಸುತ್ತಿಗೆ ತಂತಿಗೆ ಬಡಿದು ತಕ್ಷಣ ಹಿಂದೆ ಬೀಳುತ್ತದೆ. ಆ ಲೆಕ್ಕದಲ್ಲಿ ಪಿಯಾನೋ ಹಾರ್ಮೋನಿಯಂಗಿಂತ ಸಂತೂರಿಗೆ ಹತ್ತಿರ. ಸಂತೂರಿನಲ್ಲಿ ಎರಡು ಕೋಲು, ಇಲ್ಲಿ 88 ಸುತ್ತಿಗೆ. ಬಿಳಿ ಕೀ 52, ಕಪ್ಪು 36.

ಇಟಲಿಯ ಫ್ಲಾರೆನ್ಸ್‌ನಲ್ಲಿ 1700ರ ಸುಮಾರಿಗೆ ಬಾರ್ತೊಲೊಮಿಯೊ ಕ್ರಿಸ್ತೋಫೊರಿ ಎಂಬವನು ಇದನ್ನು ಮಾಡಿದ. ಅದಕ್ಕೆ ಮೊದಲು ಇದ್ದ ಹಾರ್ಪ್ಸಿಕಾರ್ಡ್ ಎಂಬ ವಾದ್ಯ ತಂತಿಯನ್ನು ಮೀಟುತ್ತಿತ್ತು. ಮೆಲ್ಲಗೆ ಒತ್ತಿ, ಜೋರಾಗಿ ಒತ್ತಿ, ಸದ್ದು ಹೆಚ್ಚುಕಡಿಮೆ ಒಂದೇ ಇರುತ್ತಿತ್ತು. ಹೊಸ ವಾದ್ಯ ಬೆರಳಿನ ಜೋರನ್ನು ಹಾಗೇ ಸದ್ದಿಗೆ ದಾಟಿಸಿತು. ಇಟಾಲಿಯನ್ನಿನಲ್ಲಿ 'ಪಿಯಾನೋ' ಅಂದರೆ ಮೆಲ್ಲಗೆ, 'ಫೋರ್ಟೆ' ಅಂದರೆ ಜೋರಾಗಿ. ಎರಡೂ ಸೇರಿ 'ಪಿಯಾನೋಫೋರ್ಟೆ' ಆಯಿತು, ಆಮೇಲೆ ಬಾಲ ಉದುರಿತು.

ಇಲ್ಲಿ ಒಂದು ತೊಡಕಿದೆ. ಪಿಯಾನಿಸ್ಟ್‌ನ ಅರ್ಧ ಕಷ್ಟ ಅದರಲ್ಲೇ ಇದೆ. ಸುತ್ತಿಗೆ ಬಡಿದ ಮೇಲೆ ಆ ಸ್ವರ ಕೈಬಿಟ್ಟು ಹೋಯಿತು. ಅದನ್ನು ಉಬ್ಬಿಸಲು ಆಗುವುದಿಲ್ಲ, ನಡುಗಿಸಲು ಆಗುವುದಿಲ್ಲ, ಪಕ್ಕದ ಸ್ವರಕ್ಕೆ ಜಾರಿಸಲೂ ಆಗುವುದಿಲ್ಲ. ಗಮಕವೇ ಇಲ್ಲ! ಪ್ರತಿಯೊಂದು ಸ್ವರವೂ ಹುಟ್ಟಿದ ಕ್ಷಣದಿಂದ ಸಾಯುತ್ತಾ ಹೋಗುತ್ತದೆ. ಆದರೂ ಒಳ್ಳೆಯ ಪಿಯಾನಿಸ್ಟ್ ನುಡಿಸಿದರೆ ಯಾರೋ ಹಾಡಿದ ಹಾಗೆ ಕೇಳುತ್ತದೆ. ಹೇಗೆ? ಒಂದು ಸ್ವರ ಎಷ್ಟು ಇಳಿದಿದೆ ಅಂತ ಕೇಳಿಸಿಕೊಂಡು, ಮುಂದಿನದನ್ನು ಸರಿಯಾಗಿ ಅಷ್ಟೇ ತೂಕದಲ್ಲಿ ಇಡುತ್ತಾರೆ. ಮೇಲಿನ ರಾಗಕ್ಕೆ ಒಂದು ತೂಕ, ಅದೇ ಕೈಯ ಉಳಿದ ಬೆರಳುಗಳಿಗೆ ಇನ್ನೊಂದು ತೂಕ. ಬಲಗಾಲಿನ ಪೆಡಲ್ ಒತ್ತಿದರೆ ತಂತಿಗಳ ಮೇಲೆ ಕೂತು ನಾದ ತಡೆಯುವ ಒತ್ತುಗಳೆಲ್ಲ ಮೇಲೆದ್ದು ನಾದ ಒಂದರೊಳಗೊಂದು ಕರಗುತ್ತದೆ. ಸ್ವಲ್ಪ ಜಾಸ್ತಿ ಹೊತ್ತು ಹಿಡಿದರೆ ಕಲಸುಮೇಲೋಗರ. ಕೀ ಕೆಳಗೆ ಹೋಗುವುದು ಬರೀ 1 ಸೆಂಟಿಮೀಟರ್. ಎಲ್ಲ ಕಸುಬೂ ಅಷ್ಟರ ಒಳಗೆ.

ಮನೆಯ ಕೀಬೋರ್ಡಿನಲ್ಲಿ ಕಲಿತವರು ನಿಜವಾದ ಪಿಯಾನೋ ಮುಂದೆ ಕೂತಾಗ ಬೆರಳು ಸೋಲುವುದು ಇದಕ್ಕೇ. ಅಲ್ಲಿ ಸ್ವಿಚ್ಚು, ಇಲ್ಲಿ ಭಾರ.

ಕನ್ಸರ್ಟ್ ಪಿಯಾನಿಸ್ಟ್ ಮಾಡುವ ಕೆಲಸ

ಪಿಯಾನೋ ನುಡಿಸುವವರೆಲ್ಲ ಕನ್ಸರ್ಟ್ ಪಿಯಾನಿಸ್ಟ್ ಅಲ್ಲ. ಸಿನಿಮಾ ಹಾಡಿಗೆ ನುಡಿಸುವವರು, ಇಗರ್ಜಿಯ ಗಾಯನ ತಂಡಕ್ಕೆ ನುಡಿಸುವವರು, ಹೋಟೆಲಿನಲ್ಲಿ ನುಡಿಸುವವರು, ಅವರೆಲ್ಲ ಬೇರೆ. ಯುರೋಪಿನ ಶಾಸ್ತ್ರೀಯ ಸಂಗೀತವನ್ನು, ಟಿಕೆಟ್ ಕೊಂಡು ಸುಮ್ನೆ ಕೂತು ಕೇಳುವ ಸಭೆಯ ಮುಂದೆ ನುಡಿಸಿ ಬದುಕುವವರು ಕನ್ಸರ್ಟ್ ಪಿಯಾನಿಸ್ಟ್.

ಅವರ ಕಾರ್ಯಕ್ರಮಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಬ್ಬರೇ ಕೂತು ಒಂದೂವರೆ ಎರಡು ಗಂಟೆ ನುಡಿಸಿದರೆ ಅದು 'ರಿಸೈಟಲ್'. ದೊಡ್ಡ ವಾದ್ಯವೃಂದದ ಎದುರು ನುಡಿಸಿದರೆ 'ಕಾನ್ಚೆರ್ಟೊ'. ಕಾನ್ಚೆರ್ಟೊ ಒಂದೊಂದು ಸುಮಾರು 20ರಿಂದ 45 ನಿಮಿಷ. ಬೀಥೋವನ್ ಪಿಯಾನೋಗೆ ಅಂಥ ಐದು ಬರೆದಿದ್ದಾನೆ, ಶೋಪನ್ ಎರಡೇ. ಇದರ ಜೊತೆ ಪಿಟೀಲು, ಚೆಲ್ಲೋದವರೊಂದಿಗೆ ಮೂರು ನಾಲ್ಕು ಜನ ಸೇರಿ ನುಡಿಸುವುದೂ ಇದೆ.

"ಹಾಗಾದ್ರೆ ಹಿಮ್ಮೇಳ ಇಲ್ವಾ?" ಅಂತ ಅಜ್ಜ ಕೇಳಿದರು. ರಿಸೈಟಲ್‌ನಲ್ಲಿ ಇಲ್ಲ. ಚೆಂಡೆ, ಮದ್ದಲೆ, ಭಾಗವತಿಕೆ, ವೇಷ ಎಲ್ಲ ಒಬ್ಬರೇ. ತಾಳ ತಪ್ಪಿದರೆ ಎತ್ತಿ ಕೊಡಲು ಪಕ್ಕದಲ್ಲಿ ಯಾರೂ ಇಲ್ಲ.

ಇನ್ನೊಂದು ದೊಡ್ಡ ವ್ಯತ್ಯಾಸವಿದೆ. ಯಕ್ಷಗಾನದಲ್ಲಿ ಪ್ರಸಂಗದ ಪದ್ಯ ಮಾತ್ರ ಬರೆದದ್ದು. ಮಾತು ಆಯಾ ರಾತ್ರಿ ಹುಟ್ಟುತ್ತದೆ. ಕುಂಬಳೆಯ ಪಾರ್ತಿಸುಬ್ಬನ ಪದ್ಯ ಒಂದೇ, ಅದಕ್ಕೆ ಅರ್ಥ ಹೇಳುವವರು ನೂರು ಬಗೆ. ಪಿಯಾನೋದಲ್ಲಿ ಹಾಗಲ್ಲ. ಶೋಪನ್ ತೀರಿಹೋದದ್ದು 1849ರಲ್ಲಿ. ಅವನು ಕಾಗದದ ಮೇಲೆ ಇಟ್ಟ ಪ್ರತಿಯೊಂದು ಸ್ವರವನ್ನೂ ಇವತ್ತಿಗೂ ಹಾಗೇ ನುಡಿಸಬೇಕು. ಒಂದು ಸೇರಿಸಲಿಕ್ಕಿಲ್ಲ, ಒಂದು ಬಿಡಲಿಕ್ಕಿಲ್ಲ.

ಮತ್ತೆ ಕಲಾವಿದನಿಗೆ ಏನು ಉಳಿಯಿತು? ತುಂಬ ಉಳಿದಿದೆ. ಎಷ್ಟು ವೇಗ, ಎಲ್ಲಿ ಉಸಿರು, ಯಾವ ಸ್ವರ ಮುಂದೆ ಬರಬೇಕು, ಎಲ್ಲಿ ಕೂದಲೆಳೆಯಷ್ಟು ಕಾಯಬೇಕು. ಒಂದೇ ಪದ್ಯವನ್ನು, ಒಂದೇ ರಾಗ ತಾಳದಲ್ಲಿ ಇಬ್ಬರು ಭಾಗವತರು ಹೇಳಿದ್ದನ್ನು ನೆನಪಿಸಿಕೊಳ್ಳಿ. ಕಣ್ಣು ಮುಚ್ಚಿದರೂ ಯಾರು ಅಂತ ಗೊತ್ತಾಗುತ್ತದೆ ಅಲ್ವಾ? ವಾರ್ಸಾದ ಸ್ಪರ್ಧೆಯಲ್ಲಿ ಮೂರು ವಾರ ಎಲ್ಲರೂ ಶೋಪನ್ ಒಬ್ಬನದನ್ನೇ ನುಡಿಸುತ್ತಾರೆ. ಆದರೂ ತೀರ್ಪುಗಾರರು ಜಗಳ ಆಡುವಷ್ಟು ವ್ಯತ್ಯಾಸ ಇರುತ್ತದೆ.

ಪುಸ್ತಕ ನೋಡದೆ

ಒಂದು ರಿಸೈಟಲ್‌ನಲ್ಲಿ ಸಾವಿರಾರು ಸ್ವರಗಳು. ಅಷ್ಟನ್ನೂ ಬಾಯಿಪಾಠದಿಂದ ನುಡಿಸುವುದು ರೂಢಿ. ಇದು ಮೊದಲಿನಿಂದ ಇದ್ದ ನಿಯಮವಲ್ಲ. 19ನೇ ಶತಮಾನದಲ್ಲಿ ಮುಖ್ಯವಾಗಿ ಇಬ್ಬರು ಬೆಳೆಸಿದ ಪದ್ಧತಿ. ಒಬ್ಬಳು ಜರ್ಮನಿಯ ಕ್ಲಾರಾ ಶೂಮನ್. 1828ರಲ್ಲಿ, ಒಂಬತ್ತನೇ ವಯಸ್ಸಿಗೆ ಲೈಪ್ಸಿಗ್‌ನಲ್ಲಿ ವೇದಿಕೆ ಹತ್ತಿದವಳು. ಎಂಟು ಮಕ್ಕಳನ್ನು ಹೆತ್ತು, ಗಂಡ ತೀರಿಕೊಂಡ ಮೇಲೆ ಊರೂರು ತಿರುಗಿ ನುಡಿಸಿ ಮನೆ ನಡೆಸಿದಳು. ಇನ್ನೊಬ್ಬ ಹಂಗೇರಿಯ ಫ್ರಾನ್ಸ್ ಲಿಸ್ಟ್. ಒಬ್ಬನೇ ಇಡೀ ಸಂಜೆ ನುಡಿಸುವುದನ್ನು ಜನಪ್ರಿಯ ಮಾಡಿದವನು ಅವನೇ. 1840ರಲ್ಲಿ ಲಂಡನ್ನಿನಲ್ಲಿ ಅದಕ್ಕೆ 'ರಿಸೈಟಲ್' ಅಂತ ಹೆಸರಿಟ್ಟಾಗ, ಪದ್ಯ ಓದುವುದಕ್ಕೆ ಹೇಳುವ ಮಾತು ಪಿಯಾನೋಗೆ ಹೇಗಾಗುತ್ತದೆ ಎಂದು ಜನ ತಲೆ ಕೆರೆದುಕೊಂಡರು.

ನೆನಪು ಎಷ್ಟು ಆಳಕ್ಕೆ ಇಳಿದಿರಬೇಕು ಎನ್ನುವುದಕ್ಕೆ ನನಗೆ ತುಂಬ ಇಷ್ಟವಾದ ಒಂದು ಘಟನೆ ಇದೆ. ಪೋರ್ಚುಗಲ್‌ನ ಮಾರಿಯಾ ಜೊವಾವ್ ಪಿರೆಸ್ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೊಜಾರ್ಟ್‌ನ ಒಂದು ಕಾನ್ಚೆರ್ಟೊ ನುಡಿಸಬೇಕಿತ್ತು. ಸಭೆ ತುಂಬಿತ್ತು. ವಾದ್ಯವೃಂದ ಶುರು ಮಾಡಿದ ಕೂಡಲೇ ಆಕೆಯ ಮುಖ ಬಿಳುಚಿತು. ಅದು ಬೇರೆ ಕಾನ್ಚೆರ್ಟೊ! ಆಕೆ ತಯಾರಿ ಮಾಡಿಕೊಂಡು ಬಂದದ್ದು ಇನ್ನೊಂದನ್ನು. ಪಿಯಾನೋ ಸೇರಿಕೊಳ್ಳುವ ಮೊದಲು ವಾದ್ಯವೃಂದದ ಪಾಲು ಎರಡು ನಿಮಿಷದಷ್ಟು. ಆ ಹೊತ್ತಿನಲ್ಲಿ ಆಕೆ ತಲೆ ಕೈಗಾನಿಸಿ ಕೂತಿದ್ದು, ವಾದ್ಯವೃಂದವನ್ನು ನಡೆಸುತ್ತಿದ್ದ ರಿಕಾರ್ಡೊ ಶಾಯಿ ಕೋಲಾಡಿಸುತ್ತಲೇ ನಗುತ್ತಾ ಧೈರ್ಯ ಹೇಳಿದ್ದು, ಎಲ್ಲ ವಿಡಿಯೋದಲ್ಲಿ ಕಾಣುತ್ತದೆ. ಆಮೇಲೆ ಆಕೆ ಹಿಂದೆಂದೋ ನುಡಿಸಿದ್ದನ್ನು ಒಳಗಿನಿಂದ ಎಳೆದು ತಂದು, ಕೊನೆಯವರೆಗೂ ನುಡಿಸಿದರು.

ಇದನ್ನು ಹೇಳಿದಾಗ ಅಜ್ಜನಿಗೆ ಅಷ್ಟೇನೂ ಆಶ್ಚರ್ಯ ಆಗಲಿಲ್ಲ. ಆಟ ಶುರುವಾಗುವ ಹೊತ್ತಿಗೆ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಬಂದು ಪ್ರಸಂಗ ಬದಲಾಯಿಸಿದ್ದನ್ನು ಅವರು ಎಷ್ಟು ಸಲ ನೋಡಿಲ್ಲ! ಪುಸ್ತಕ ಮುಟ್ಟದೆ ಬೆಳಗಿನವರೆಗೆ ಆಟ ಆಡಿಸಿದ ಭಾಗವತರೂ ಅವರಿಗೆ ಗೊತ್ತು.

ಎಲ್ಲರೂ ಇದಕ್ಕೆ ಕಟ್ಟುಬಿದ್ದಿಲ್ಲ ಅನ್ನಿ. ರಷ್ಯಾದ ಸ್ವ್ಯಾತೊಸ್ಲಾವ್ ರಿಕ್ಟರ್ ಇಳಿವಯಸ್ಸಿನಲ್ಲಿ ಬಾಯಿಪಾಠ ಬಿಟ್ಟರು. ಸಭಾಂಗಣ ಕತ್ತಲೆ ಮಾಡಿಸಿ, ಪುಸ್ತಕದ ಮೇಲೆ ಒಂದು ಸಣ್ಣ ದೀಪ ಇಟ್ಟುಕೊಂಡು ನುಡಿಸುತ್ತಿದ್ದರು. ಈಗ ಟ್ಯಾಬ್ಲೆಟ್ ಇಟ್ಟುಕೊಳ್ಳುವವರೂ ಇದ್ದಾರೆ.

ಕೋಡಂಗಿಯಿಂದ ಶುರು

ಮೇಳಕ್ಕೆ ಸೇರಿದ ಹುಡುಗ ಮೊದಲು ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ ಕುಣಿಯುತ್ತಾನೆ. ರಾತ್ರಿ ಪೂರ್ತಿ ಹಿರಿಯರನ್ನು ನೋಡಿ ಕಲಿಯುತ್ತಾನೆ. ಪಿಯಾನೋ ಹಾದಿಯೂ ಉದ್ದವೇ. ಹೆಚ್ಚಿನವರು ಐದರಿಂದ ಏಳು ವರ್ಷಕ್ಕೆ ಶುರು ಮಾಡುತ್ತಾರೆ. ನಮ್ಮಲ್ಲಿ ಮಕ್ಕಳು ಬರೆಯುವುದು ಲಂಡನ್ ಮೂಲದ ಟ್ರಿನಿಟಿ ಅಥವಾ ಎಬಿಆರ್‌ಎಸ್‌ಎಂ ಪರೀಕ್ಷೆಗಳನ್ನು. 1ರಿಂದ 8 ಗ್ರೇಡ್. ಎಂಟನೇ ಗ್ರೇಡ್ ಪಾಸಾದರೆ ಎಲ್ಲ ಕಲಿತಾಯಿತು ಅಂತ ಅನೇಕ ಹೆತ್ತವರು ಅಂದುಕೊಂಡಿದ್ದಾರೆ. ನಿಜ ಹೇಳಬೇಕೆಂದರೆ ಹೊಸಿಲು ದಾಟುವುದು ಅಲ್ಲಿಂದ. ಮುಂದೆ ಡಿಪ್ಲೊಮಾಗಳಿವೆ. ಆಮೇಲೆ ಸಂಗೀತಕ್ಕೇ ಮೀಸಲಾದ ಕಾಲೇಜು. ಅದಕ್ಕೆ ಕನ್ಸರ್ವೇಟರಿ ಅನ್ನುತ್ತಾರೆ. ಮಾಸ್ಕೋದ್ದು 1866ರಿಂದ ಇದೆ. ನ್ಯೂಯಾರ್ಕಿನ ಜೂಲಿಯಾರ್ಡ್ 1905ರಿಂದ. ಫಿಲಡೆಲ್ಫಿಯಾದ ಕರ್ಟಿಸ್‌ನಲ್ಲಿ ಸೀಟು ಸಿಕ್ಕಿದವರು ಯಾರೂ ಬೋಧನಾ ಶುಲ್ಕ ಕೊಡಬೇಕಾಗಿಲ್ಲ. ಸೀಟು ಸಿಗುವುದೇ ಕಷ್ಟ.

ಅಭ್ಯಾಸ ದಿನಕ್ಕೆ ನಾಲ್ಕರಿಂದ ಆರು ಗಂಟೆ. ಹೊರಗಿನಿಂದ ಕೇಳಿದರೆ ತಲೆ ಚಿಟ್ಟು ಹಿಡಿಯುತ್ತದೆ. ಒಂದೇ ಸಾಲು ಐವತ್ತು ಸಲ, ಎಡಗೈ ಮಾತ್ರ, ಬಲಗೈ ಮಾತ್ರ, ಆಮೆಯ ವೇಗದಲ್ಲಿ. ಯಾವ ಸ್ವರಕ್ಕೆ ಯಾವ ಬೆರಳು ಅಂತ ಪುಸ್ತಕದಲ್ಲಿ 1ರಿಂದ 5ರ ತನಕ ಅಂಕೆ ಬರೆದಿಟ್ಟುಕೊಳ್ಳುತ್ತಾರೆ. ಬೆರಳು ಒಮ್ಮೆ ತಪ್ಪಾಗಿ ಕಲಿತರೆ ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ಗಂಟೆ ಜಾಸ್ತಿಯಾದಷ್ಟೂ ಒಳ್ಳೆಯದು ಅಂತಲೂ ಇಲ್ಲ. ಶೋಪನ್ ಸ್ವತಃ ತನ್ನ ಶಿಷ್ಯರಿಗೆ ದಿನಕ್ಕೆ ಮೂರು ಗಂಟೆ ಸಾಕು ಅನ್ನುತ್ತಿದ್ದ.

ಸ್ಪರ್ಧೆಗಳು ಬರುವುದು ಇಲ್ಲಿ. ಹೆಸರಿಲ್ಲದ ಹುಡುಗನನ್ನು ಯಾರೂ ಕರೆಯುವುದಿಲ್ಲ. ದೊಡ್ಡ ಸ್ಪರ್ಧೆ ಗೆದ್ದರೆ ಬಹುಮಾನದ ಹಣಕ್ಕಿಂತ ಮುಂದಿನ ಎರಡು ವರ್ಷದ ಕಾರ್ಯಕ್ರಮಗಳೇ ನಿಜವಾದ ಗಳಿಕೆ. ವಾರ್ಸಾದ ಸ್ಪರ್ಧೆ 1927ರಲ್ಲಿ ಶುರುವಾಯಿತು. ಈಗ ಐದು ವರ್ಷಕ್ಕೊಮ್ಮೆ ನಡೆಯುತ್ತದೆ. ಮಾಸ್ಕೋದ ಚೈಕೋವ್‌ಸ್ಕಿ ಸ್ಪರ್ಧೆಯನ್ನು 1958ರಲ್ಲಿ, ಶೀತಲ ಸಮರದ ನಡುವೆ, ಅಮೆರಿಕದ ವಾನ್ ಕ್ಲೈಬರ್ನ್ ಗೆದ್ದು ರಾತ್ರಿ ಬೆಳಗಾಗುವುದರಲ್ಲಿ ಮನೆಮಾತಾದ. ಅವನ ಹೆಸರಿನ ಸ್ಪರ್ಧೆಯನ್ನು 2022ರಲ್ಲಿ ಗೆದ್ದ ಕೊರಿಯಾದ ಯುನ್‌ಚಾನ್ ಲಿಮ್‌ಗೆ ಆಗ ಹದಿನೆಂಟು.

ಆದರೆ ಒಂದೇ ಪ್ರಯತ್ನಕ್ಕೆ ಎಲ್ಲ ಆಗುವುದಿಲ್ಲ. ಎರಿಕ್ ಲೂ 2015ರಲ್ಲೇ ವಾರ್ಸಾಕ್ಕೆ ಹೋಗಿ ನಾಲ್ಕನೆಯವನಾಗಿದ್ದ. 2018ರಲ್ಲಿ ಇಂಗ್ಲೆಂಡಿನ ಲೀಡ್ಸ್ ಸ್ಪರ್ಧೆ ಗೆದ್ದ. ಹತ್ತು ವರ್ಷದ ಮೇಲೆ ಮತ್ತೆ ವಾರ್ಸಾಕ್ಕೆ ಬಂದ. ಸೋತು ಹೆಸರಾದವರೂ ಇದ್ದಾರೆ. 1980ರಲ್ಲಿ ವಾರ್ಸಾದಲ್ಲಿ ಇವೊ ಪೊಗೊರೆಲಿಚ್‌ನನ್ನು ಫೈನಲ್‌ಗೆ ಬಿಡಲಿಲ್ಲ ಅಂತ, 1965ರಲ್ಲಿ ಅದೇ ಸ್ಪರ್ಧೆ ಗೆದ್ದಿದ್ದ ಮಾರ್ಥಾ ಆರ್ಗರಿಚ್ ತೀರ್ಪುಗಾರರ ಕುರ್ಚಿ ಬಿಟ್ಟು ಎದ್ದು ಹೋದರು. ಆ ಗಲಾಟೆಯೇ ಹುಡುಗನನ್ನು ಜಗತ್ತಿಗೆ ಪರಿಚಯಿಸಿತು. ಆ ವರ್ಷ ಗೆದ್ದ ವಿಯೆಟ್ನಾಂನ ದಾಂಗ್ ತಾಯ್ ಸೋನ್, ಈ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆದ ಮೊದಲ ಏಷ್ಯನ್.

ವೀಳ್ಯ ಯಾರು ಕೊಡುತ್ತಾರೆ?

ಅಜ್ಜನ ಎರಡನೇ ಪ್ರಶ್ನೆಗೆ ಬರೋಣ. ತಿಂಗಳ ಸಂಬಳ ಇಲ್ಲ. ಯಜಮಾನರೂ ಇಲ್ಲ. ಒಂದೊಂದು ಕಾರ್ಯಕ್ರಮಕ್ಕೂ ಬೇರೆ ಬೇರೆ ಮಾತುಕತೆ. ಅದನ್ನು ಕುದುರಿಸುವವರು ಏಜೆಂಟ್. ಸಿಕ್ಕಿದ ಹಣದಲ್ಲಿ ಅವರಿಗೊಂದು ಪಾಲು. ಕರೆಯುವವರು ವಾದ್ಯವೃಂದಗಳು, ಸಭಾಂಗಣಗಳು, ಸಂಗೀತೋತ್ಸವಗಳು. ದೊಡ್ಡ ಕಡೆಗಳಲ್ಲಿ ಒಂದೆರಡು ವರ್ಷ ಮೊದಲೇ ದಿನ ಗೊತ್ತಾಗಿರುತ್ತದೆ. ಕಟೀಲು ಮೇಳದ ಹರಕೆ ಆಟಕ್ಕೆ ವರ್ಷಗಟ್ಟಲೆ ಮೊದಲೇ ಹೆಸರು ಬರೆಸುತ್ತಾರಲ್ಲ, ನಮಗೆ ಇದು ಹೊಸದಲ್ಲ.

ಜ್ವರ ಬಂದು ಕಾರ್ಯಕ್ರಮ ತಪ್ಪಿದರೆ ಸಾಮಾನ್ಯವಾಗಿ ಹಣವೂ ಇಲ್ಲ. ಇನ್ನೊಬ್ಬರ ಜ್ವರವೇ ಹೊಸಬರ ಅದೃಷ್ಟ ಆಗುವುದೂ ಉಂಟು. ಕೊನೆ ಗಳಿಗೆಯಲ್ಲಿ ಬದಲಿಯಾಗಿ ಹೋಗಿ ಹೆಸರು ಮಾಡಿದವರು ಬೇಕಾದಷ್ಟಿದ್ದಾರೆ. ಅದಕ್ಕೆ ನಾಲ್ಕಾರು ಕಾನ್ಚೆರ್ಟೊಗಳು ಯಾವಾಗಲೂ ಬೆರಳ ತುದಿಯಲ್ಲಿ ಇರಬೇಕು.

ಬರೀ ಕಛೇರಿಯಿಂದಲೇ ಬದುಕುವವರು ತೀರಾ ಕಡಿಮೆ. ಹೆಚ್ಚಿನವರು ಪಾಠ ಹೇಳುತ್ತಾರೆ, ಗಾಯಕರಿಗೆ ಪಕ್ಕವಾದ್ಯ ನುಡಿಸುತ್ತಾರೆ, ಕಾಲೇಜುಗಳಲ್ಲಿ ಕೆಲಸ ಮಾಡುತ್ತಾರೆ. ಮೇಳದವರು ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲಕ್ಕೆ ಬೇರೆ ದಾರಿ ನೋಡಿಕೊಳ್ಳುತ್ತಾರಲ್ಲ, ಹಾಗೇ. ಅಲ್ಲಿ ಸಭಾಂಗಣಗಳ ಋತು ಸುಮಾರು ಸೆಪ್ಟೆಂಬರಿನಿಂದ ಜೂನ್ ತನಕ. ಬೇಸಗೆಯಲ್ಲಿ ಉತ್ಸವಗಳು.

ಒಂಟಿತನದ ಮಾತು ಬೇರೆಯೇ. ಮೇಳದ ತಿರುಗಾಟದಲ್ಲಿ ಲಾರಿ ಇದೆ, ಚೌಕಿ ಇದೆ, ಜೊತೆಗೆ ಉಣ್ಣಲು ನಲವತ್ತು ಜನ ಇದ್ದಾರೆ. ಪಿಯಾನಿಸ್ಟ್‌ಗೆ ವಿಮಾನ, ಹೋಟೆಲ್ ಕೋಣೆ, ಗೊತ್ತಿಲ್ಲದ ಊರು. ಎರಡು ಗಂಟೆ ಚಪ್ಪಾಳೆ, ಮತ್ತೆ ಅದೇ ಕೋಣೆ. ಕೆನಡಾದ ಗ್ಲೆನ್ ಗೂಲ್ಡ್ 1964ರಲ್ಲಿ, ಬರೀ 31ನೇ ವಯಸ್ಸಿಗೆ, ಇದೆಲ್ಲ ಸಾಕು ಅಂತ ವೇದಿಕೆಯನ್ನೇ ಬಿಟ್ಟ. 1982ರಲ್ಲಿ ಸಾಯುವ ತನಕ ಸ್ಟುಡಿಯೋದಲ್ಲಿ ಮಾತ್ರ ನುಡಿಸಿದ.

ವಾದ್ಯ ಪರವೂರಿನದು

ಮದ್ದಲೆಯನ್ನು ಹೆಗಲಿಗೆ ಹಾಕಿಕೊಂಡು ಹೋಗಬಹುದು. ಪಿಟೀಲು ಕಂಕುಳಲ್ಲಿ ಹೋಗುತ್ತದೆ. ದೊಡ್ಡ ಸಭಾಂಗಣಗಳ ಪಿಯಾನೋಗೆ 'ಕನ್ಸರ್ಟ್ ಗ್ರ್ಯಾಂಡ್' ಅಂತ ಹೆಸರು. ಸ್ಟೈನ್‌ವೇ ಕಂಪೆನಿಯ ಡಿ ಮಾದರಿ 274 ಸೆಂಟಿಮೀಟರ್ ಉದ್ದ, ತೂಕ ಸುಮಾರು 480 ಕಿಲೋ. ಒಳಗಿನ ಇನ್ನೂರಕ್ಕೂ ಜಾಸ್ತಿ ತಂತಿಗಳು ಸೇರಿ ಎಳೆಯುವ ಬಲ ಸುಮಾರು 20 ಟನ್. ಅದನ್ನು ತಡೆಯಲು ಎರಕದ ಕಬ್ಬಿಣದ ಚೌಕಟ್ಟು ಬೇಕು. ಹಾಗಾಗಿ ಪಿಯಾನಿಸ್ಟ್ ಬರಿಗೈಯಲ್ಲಿ ಹೋಗಿ, ಆ ಊರಿನ ಪಿಯಾನೋ ಮುಂದೆ ಕೂರುತ್ತಾನೆ. ಒಂದರ ಕೀ ಭಾರ, ಇನ್ನೊಂದರದ್ದು ಹಗುರ. ಒಂದರ ನಾದ ಗಾಜಿನ ಹಾಗೆ, ಇನ್ನೊಂದರದ್ದು ಬೆಲ್ಲದ ಪಾಕ. ಸಂಜೆಯ ಕಛೇರಿಗೆ ಮೊದಲು ಸಿಗುವುದು ಒಂದೆರಡು ಗಂಟೆ. ಅಷ್ಟರಲ್ಲಿ ಪರಿಚಯ ಮಾಡಿಕೊಳ್ಳಬೇಕು.

ಪೋಲೆಂಡಿನ ಕ್ರಿಸ್ತಿಯನ್ ಜಿಮರ್‌ಮನ್‌ಗೆ ಇದು ಒಪ್ಪಿಗೆ ಆಗಲಿಲ್ಲ. ತನ್ನ ಪಿಯಾನೋವನ್ನೇ ಜೊತೆಗೆ ಸಾಗಿಸುತ್ತಿದ್ದರು. 2001ರ ಭಯೋತ್ಪಾದಕ ದಾಳಿಯ ನಂತರ ನ್ಯೂಯಾರ್ಕಿನ ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ಅದನ್ನು ನಾಶ ಮಾಡಿದರು. ಅಂಟಿನ ವಾಸನೆ ಸ್ಫೋಟಕದ ಹಾಗಿತ್ತು ಎಂಬ ಅನುಮಾನವಂತೆ.

ಟ್ಯೂನರ್ ಎಂಬವರು ಇಲ್ಲದೆ ಕಛೇರಿಯೇ ಇಲ್ಲ. ಮೇಲಿನ ಸ್ವರಗಳಿಗೆ ಒಂದೊಂದಕ್ಕೆ ಮೂರು ತಂತಿ. ಮೂರೂ ಕೂದಲೆಳೆ ವ್ಯತ್ಯಾಸ ಇಲ್ಲದೆ ಕೂಡಬೇಕು. ದೊಡ್ಡ ಸಭಾಂಗಣಗಳಲ್ಲಿ ಪ್ರತಿ ಕಾರ್ಯಕ್ರಮಕ್ಕೂ ಮೊದಲು ಶ್ರುತಿ ಮಾಡುತ್ತಾರೆ. ನಮ್ಮ ಕರಾವಳಿಯಲ್ಲಿ ಇದು ಇನ್ನೂ ತಾಪತ್ರಯ. ತಂತಿಯ ಕೆಳಗೆ ತೆಳುವಾದ ಮರದ ಹಲಗೆ ಇದೆ, ನಾದ ಹಬ್ಬಿಸುವುದು ಅದು. ಮಳೆಗಾಲದ ಪಸೆಗೆ ಅದು ಉಬ್ಬಿ ತಂತಿಯನ್ನು ಮೇಲಕ್ಕೆ ಒತ್ತುತ್ತದೆ, ಶ್ರುತಿ ಏರುತ್ತದೆ. ಮದ್ದಲೆಯದು ಉಲ್ಟಾ. ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ. ನಾನು ಓದಿದ ಶಾಲೆಯಲ್ಲಿ ಒಂದು ಹಳೆಯ ಪಿಯಾನೋ ಇತ್ತು. ಮಳೆ ಜೋರಾದ ಆಟಿ ತಿಂಗಳಲ್ಲಿ ಅದರ ನಾಲ್ಕೈದು ಕೀಗಳು ಒತ್ತಿದರೆ ಮೇಲೇ ಬರುತ್ತಿರಲಿಲ್ಲ. ನಾವು ಉಗುರಿನಿಂದ ಎಬ್ಬಿಸುತ್ತಿದ್ದೆವು.

ಕೈ ಮಾತು ಕೇಳದಿದ್ದರೆ

ವರ್ಷಗಟ್ಟಲೆ ಅದೇ ಚಲನೆ ಮಾಡಿದ ಕೈಗೆ ನೋವು ಬರುವುದುಂಟು. ಅದಕ್ಕಿಂತ ವಿಚಿತ್ರವಾದದ್ದು ಫೋಕಲ್ ಡಿಸ್ಟೋನಿಯಾ. ನೋವಿಲ್ಲ, ಗಾಯವಿಲ್ಲ. ಆದರೆ ನುಡಿಸಲು ಹೋದರೆ ಬೆರಳು ತಾನಾಗಿ ಮಡಚಿಕೊಳ್ಳುತ್ತದೆ. ತೊಂದರೆ ಇರುವುದು ಕೈಗೆ ಅಪ್ಪಣೆ ಕೊಡುವ ಮಿದುಳಿನಲ್ಲಿ. ಅಮೆರಿಕದ ಲಿಯೋನ್ ಫ್ಲೈಷರ್‌ಗೆ 1960ರ ದಶಕದಲ್ಲಿ, ಹೆಸರು ಏರುತ್ತಿದ್ದಾಗಲೇ, ಬಲಗೈಗೆ ಇದು ಬಡಿಯಿತು. ಮೂವತ್ತು ವರ್ಷ ಅವರು ಎಡಗೈ ಒಂದರಲ್ಲೇ ನುಡಿಸಿದರು, ಪಾಠ ಹೇಳಿದರು. 1990ರ ದಶಕದಲ್ಲಿ ಬೊಟಾಕ್ಸ್ ಚುಚ್ಚುಮದ್ದಿನಿಂದ ಎರಡೂ ಕೈಗೆ ಮರಳಿದರು.

ಎಡಗೈಗೆಂದೇ ಬರೆದ ಸಂಗೀತ ಎಲ್ಲಿಂದ ಬಂತು? ಅದರಲ್ಲಿ ಒಂದಷ್ಟಕ್ಕೆ ಆಸ್ಟ್ರಿಯಾದ ಪೌಲ್ ವಿಟ್ಗೆನ್‌ಸ್ಟೈನ್ ಕಾರಣ. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಪಿಯಾನಿಸ್ಟ್ ಅವನು. ಮನೆಯಲ್ಲಿ ಹಣ ಇತ್ತು. ಹೆಸರಾಂತ ಸಂಗೀತಗಾರರಿಗೆ ಹಣ ಕೊಟ್ಟು ಎಡಗೈಯ ಕಾನ್ಚೆರ್ಟೊಗಳನ್ನು ಬರೆಸಿಕೊಂಡ. ಫ್ರಾನ್ಸಿನ ರವೆಲ್ ಬರೆದದ್ದನ್ನು ಕಣ್ಣು ಮುಚ್ಚಿ ಕೇಳಿದರೆ ಒಂದೇ ಕೈ ಅಂತ ಯಾರೂ ಹೇಳಲಾರರು.

ನೀರ್ಚಾಲಿನಿಂದ ಮುಂದೆ

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಜಾಗ ಚಿಕ್ಕದು. ವೃತ್ತಿಯ ಮಟ್ಟದ ವಾದ್ಯವೃಂದ ಅಂದರೆ ಮುಂಬೈಯ ಎನ್‌ಸಿಪಿಎ ಎಂಬ ಕಲಾಕೇಂದ್ರದಲ್ಲಿ 2006ರಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ. ಆದ್ದರಿಂದ ಈ ಹಾದಿ ಹಿಡಿದವರು ಸಾಮಾನ್ಯವಾಗಿ ಹೊರದೇಶಕ್ಕೆ ಹೋಗುತ್ತಾರೆ. ಕನ್ಸರ್ವೇಟರಿಗಳು ಮೊದಲು ವಿಡಿಯೋ ಕೇಳುತ್ತವೆ. ಅದನ್ನು ನೋಡಿ ಬೇಕಾದವರನ್ನು ನೇರ ಪರೀಕ್ಷೆಗೆ ಕರೆಯುತ್ತವೆ. ವಿಡಿಯೋವನ್ನು ಮನೆಯ ಕೀಬೋರ್ಡಿನಲ್ಲಿ ಮಾಡಿ ಕಳಿಸಿದರೆ ಪ್ರಯೋಜನವಿಲ್ಲ. ಒಳ್ಳೆಯ ಗ್ರ್ಯಾಂಡ್ ಪಿಯಾನೋ ಬೇಕು, ಅದು ಶ್ರುತಿಯಲ್ಲಿರಬೇಕು.

ಹುಡುಗಿಯ ಅಪ್ಪ ಬೆಂಗಳೂರಿನಲ್ಲಿ ಗಂಟೆ ಲೆಕ್ಕದಲ್ಲಿ ಪಿಯಾನೋ ಬಾಡಿಗೆಗೆ ಸಿಗುತ್ತದಾ ಅಂತ ಯಾರಿಗೋ ಫೋನ್ ಮಾಡುತ್ತಿದ್ದರು. ಪ್ಲಸ್ ಟು ಪರೀಕ್ಷೆ ಮುಗಿಯಲಿ, ಜೂನ್‌ನಲ್ಲಿ ನೋಡೋಣ ಅಂದರು. ಅಜ್ಜ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದವರು ತಲೆ ಎತ್ತಿದರು.

"ಜೂನ್ ಬೇಡ ಮಾರಾಯ. ಪತ್ತನಾಜೆಗೆ ಮೊದಲೇ ಮಾಡಿಸು. ಮರ ಉಬ್ತದೆ ಅಂತ ಈಗ ಹೇಳಿದ್ದಲ್ವಾ ಇವರು."